ಪೀಣ್ಯದಲ್ಲಿ ಕೆಲಸ, ತುಮಕೂರಲ್ಲಿ ಮನೆ: ಹಿರೇಹಳ್ಳಿ ಕಡೆ ಸೈಟ್ ತಗೊಳ್ಳದಾ, ಎಸ್.ಎಸ್.ಪುರಂ ಹಳೇ ಮನೆ ತಗೊಳ್ಳದಾ?

ತುರುವೇಕೆರೆ_ಹೈದ

ಎಲ್ರಿಗೂ ನಮಸ್ಕಾರ. ಪೀಣ್ಯ ಸೆಕೆಂಡ್ ಸ್ಟೇಜಲ್ಲಿ ಸಿಎನ್‌ಸಿ ಆಪರೇಟರ್ ನಾನು, ದಾಸರಹಳ್ಳಿಲಿ ಬಾಡಿಗೆಗಿದೀವಿ. ನಮ್ಮನೆಯವ್ರು ಮನೇಲೇ ಬ್ಲೌಸ್ ಹೊಲೀತಾರೆ, ಮಗಳು ಮೂರನೇ ಕ್ಲಾಸು. ಬೆಂಗ್ಳೂರಲ್ಲಿ ನಮ್ ಕೈಗೆ 20-30 ಸೈಟೂ ಎಟುಕಲ್ಲ ಅನ್ನೋದು ಗ್ಯಾರಂಟಿ ಆಯ್ತು, ಅದ್ಕೆ ತುಮಕೂರಲ್ಲಿ ನೋಡ್ತಿದೀವಿ, ಊರಿಗೂ ಹತ್ರ, ಅಪ್ಪಂಗೆ ಹುಷಾರ್ ತಪ್ಪಿದ್ರೆ ಓಡೋಕೂ ಅನುಕೂಲ.

ಎರಡು ನೋಡಿದೀವಿ. ಒಂದು ಹಿರೇಹಳ್ಳಿ ಕಡೆ ಹೈವೇ ಬಿಟ್ಟು ಒಳಗೆ ಹೊಸ ಲೇಔಟು, 30-40 ಸೈಟು. ಆರ್ಚ್ ಹಾಕವ್ರೆ, ಸಾಲಾಗಿ ಗಿಡ ನೆಟ್ಟವ್ರೆ, ರೋಡು ಮಾತ್ರ ಜಲ್ಲಿ ಸುರಿದು ಹಂಗೇ ಬಿಟ್ಟವ್ರೆ. ಪಂಚಾಯ್ತಿ ಇ-ಸ್ವತ್ತು (ಆಸ್ತಿಯ ಆನ್‌ಲೈನ್ ದಾಖಲೆ) ಐತೆ, ಲೋನ್ ನಾವೇ ಮಾಡ್ಸಿಕೊಡ್ತೀವಿ ಅಂತಾರೆ. ಇನ್ನೊಂದು ಎಸ್.ಎಸ್.ಪುರಂನಲ್ಲಿ ಹಳೇ ಮನೆ, ಅದೂ 30-40 ನೇ, ಎರಡು ರೂಮು ಒಂದು ಹಾಲು, ಹಿಂದ್ಗಡೆ ಬಟ್ಟೆ ಒಗೆಯೋ ಕಲ್ಲು, ಒಂದು ತೆಂಗಿನ ಮರ. ಯಜಮಾನ್ರು ತೀರ್ಕೊಂಡವ್ರೆ, ಮಕ್ಳು ಮಾರ್ತಿದಾರೆ. ರೇಟು ಸೈಟಿನ ಡಬಲ್‌ಗಿಂತ ಜಾಸ್ತಿ, ಆದ್ರೆ ಸೈಟಿಗೆ ಮನೆ ಕಟ್ಟೋ ಖರ್ಚು ಸೇರ್ಸಿ ನೋಡಿದ್ರೆ ಎರಡೂ ಅಲ್ಲಿಗಲ್ಲಿಗೇ ಬರ್ತವೆ. ನಮ್ ಭಾವ ಸೈಟ್ ತಗೋ ಅಂತಾರೆ, ಮನೆಯವ್ರು ಹಳೇ ಮನೇನೇ ಇರ್ಲಿ ಅಂತಾರೆ. ಅಲ್ಲೇ ಇರೋರು ಹೇಳಿ ಪ್ಲೀಸ್.

ಮೆಮು_ಪ್ಯಾಸೆಂಜರ್

ಗುರು ಮೊದ್ಲು ನಿಮ್ ಶಿಫ್ಟ್ ಯಾವ್ದು ಹೇಳಿ, ಸೈಟು ಮನೆ ಎಲ್ಲಾ ಆಮೇಲೆ. ಜನರಲ್ ಶಿಫ್ಟ್ ಆದ್ರೆ ಟ್ರೈನಲ್ಲಿ ಆರಾಮಾಗಿ ಹೋಗಿ ಬರ್ಬೋದು, ಸೀಸನ್ ಪಾಸ್ ಮಾಡಿಸ್ಕೊಂಡ್ರೆ ತಿಂಗಳಿಗೆ ಪೆಟ್ರೋಲ್ ಖರ್ಚಲ್ಲಿ ಕಾಲು ಭಾಗನೂ ಆಗಲ್ಲ, ಚಿಕ್ಕಬಾಣಾವರ ಇಳಿದು ಬಸ್ಸೋ ಆಟೋನೋ ಹಿಡಿದ್ರೆ ಪೀಣ್ಯ. ಯಶವಂತಪುರಕ್ಕೆ ಹೋಗಿ ಮೆಟ್ರೋಲಿ ವಾಪಸ್ ಬರೋರೂ ಅವ್ರೆ, ಅದು ಸುತ್ತು. ಫಸ್ಟ್ ಶಿಫ್ಟು ಸೆಕೆಂಡ್ ಶಿಫ್ಟು ಅಂತ ವಾರವಾರ ತಿರುಗೋದಾದ್ರೆ ಕಥೆ ಬೇರೆ. ಆರು ಗಂಟೆಗೆ ಮೆಷಿನ್ ಮುಂದೆ ನಿಲ್ಬೇಕು ಅಂದ್ರೆ ಟ್ರೈನ್ ನಂಬ್ಕೊಳ್ಳೋಕಾಗಲ್ಲ, ನಾಲ್ಕೂವರೆ ಬಸ್ಸೇ ಗತಿ, ಚಳಿಗಾಲದಲ್ಲಿ ಆ ಹೊತ್ತಿಗೆ ಬಸ್ ಸ್ಟಾಂಡಿಗೆ ಬರೋದೇ ಒಂದು ತಪಸ್ಸು. ರಾತ್ರಿ ಶಿಫ್ಟ್ ಮುಗ್ಸಿ ಎಂಟನೇ ಮೈಲಿಲಿ ಕೈ ಅಡ್ಡ ಹಾಕಿದ್ರೆ ತುಂಬಿರೋ ಬಸ್ಸು ನಿಲ್ಸದೇ ಹೋಗ್ತಾರೆ.

ಇಲ್ಲೇ ನೋಡಿ ನಿಮ್ ಹಿರೇಹಳ್ಳಿ ಸೈಟಿನ ಸಮಸ್ಯೆ. ಮ್ಯಾಪಲ್ಲಿ ಅದು ಬೆಂಗ್ಳೂರಿಗೆ ಹತ್ರ ಕಾಣುತ್ತೆ, ಆದ್ರೆ ನಾನ್‌ಸ್ಟಾಪ್ ಬಸ್ ಅಲ್ಲಿ ನಿಲ್ಲಲ್ಲ, ಹಿರೇಹಳ್ಳಿ ಸ್ಟೇಷನಲ್ಲಿ ಎಕ್ಸ್‌ಪ್ರೆಸ್ ನಿಲ್ಲಲ್ಲ. ಎಸ್.ಎಸ್.ಪುರಂ ಇಂದ ಆದ್ರೆ ರೈಲ್ವೆ ಸ್ಟೇಷನ್ ಪಕ್ಕದಲ್ಲೇ ಅನ್ಬೇಕು. ಹತ್ತು ಹದಿನೈದು ಕಿಲೋಮೀಟರ್ ಹಿಂದಕ್ಕಿದ್ರೂ ಮನೆ ಬಾಗಿಲಿಂದ ಫ್ಯಾಕ್ಟರಿ ಬಾಗಿಲಿಗೆ ಟೈಮ್ ಕಮ್ಮಿನೇ ಹಿಡಿಯೋದು. ಗಾಡಿಲಿ ಓಡಾಡ್ತೀನಿ ಅನ್ನೋ ಯೋಚ್ನೆ ಇದ್ರೆ ಬಿಡಿ, ಆರು ಪಥ ಮಾಡ್ತೀವಿ ಅಂತ ಅಗೆದಿರೋ ಕಡೆ ಎಲ್ಲಾ ಡೈವರ್ಷನ್ನು, ದಾಬಸ್‌ಪೇಟೆ ಹತ್ರ ಲಾರಿ ಸಾಲು ನೋಡಿದ್ರೆ ಜೀವ ಕೈಗೆ ಬರುತ್ತೆ.

ಸೈಟ್_ಸೀನ

ಎಲ್ಲಾ ಹೆದರಿಸ್ತೀರಲ್ಲ ಸಾರ್. ನಾನು ಈ ಫೀಲ್ಡಲ್ಲೇ ಇರೋದು, ಮುಚ್ಚುಮರೆ ಏನಿಲ್ಲ. ತುಮಕೂರು ಬೆಳೀತಿರೋದೇ ಬೆಂಗ್ಳೂರು ಕಡೆಗೆ. ಮೆಟ್ರೋ ಬರುತ್ತೆ, ಎರಡನೇ ಏರ್‌ಪೋರ್ಟ್ ಜಾಗದ ಪಟ್ಟೀಲಿ ನೆಲಮಂಗಲ ಕುಣಿಗಲ್ ರಸ್ತೆ ಐತೆ, ಸ್ಯಾಟಲೈಟ್ ರಿಂಗ್ ರೋಡ್ ದಾಬಸ್‌ಪೇಟೆ ಮೇಲೇ ಹೋಗಿದೆ, ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಬಂತು, ವಸಂತನರಸಾಪುರ ನೋಡಿ ಎಷ್ಟು ಕಂಪನಿ. ಈಗ ಬಿಟ್ರೆ ಇನ್ನೈದು ವರ್ಷ ಬಿಟ್ಟು ನೀವೇ ಕೈ ಕೈ ಹಿಸುಕ್ಕೋತೀರ. ಹಳೇ ಮನೆ ತಗೊಂಡ್ರೆ ಗೋಡೆಗೆ ದುಡ್ಡು ಸುರಿಯೋದೇ ಆಯ್ತು, ಮಣ್ಣು ಬೆಳೆಯುತ್ತೆ, ಗೋಡೆ ಬೆಳೆಯಲ್ಲ.

ಶಿರಾಗೇಟ್_67

ಸೀನಣ್ಣ, ಎಚ್‌ಎಎಲ್ ಇರೋದು ಗುಬ್ಬಿ ತಾಲ್ಲೂಕು ಬಿದರೆಹಳ್ಳ ಕಾವಲ್‌ನಲ್ಲಿ, ವಸಂತನರಸಾಪುರ ಇರೋದು ಶಿರಾ ದಾರೀಲಿ. ಎರಡೂ ಊರಿನ ಆಚೆ ಬದಿ. ಅದನ್ನ ತೋರ್ಸಿ ಹಿರೇಹಳ್ಳಿ ಸೈಟ್ ಮಾರ್ತೀರಲ್ಲ, ನಿಮ್ ಧೈರ್ಯ ಮೆಚ್ಬೇಕು.

ಮೆಟ್ರೋ ವಿಷ್ಯ. ನಾಗಸಂದ್ರಕ್ಕೆ ಮೆಟ್ರೋ ಬಂದಿದ್ದು 2015ರಲ್ಲಿ. ಅಲ್ಲಿಂದ ಮಾದಾವರ ಮೂರು ಚಿಲ್ಲರೆ ಕಿಲೋಮೀಟರು, ಅಲ್ಲಿಗೆ ಟ್ರೈನ್ ಓಡಿದ್ದು 2024ರ ನವೆಂಬರಲ್ಲಿ. ಲೆಕ್ಕ ನೀವೇ ಹಾಕ್ಕೊಳಿ. ಮಾದಾವರದಿಂದ ತುಮಕೂರು ಐವತ್ತು ಕಿಲೋಮೀಟರ್ ಮೇಲೆ. ಬರಲ್ಲ ಅಂತ ನಾನು ಹೇಳ್ತಿಲ್ಲ, ಬರ್ಲಿ, ಸಂತೋಷ. ಆದ್ರೆ ಬಾರದೇ ಇರೋ ಮೆಟ್ರೋಗೆ ಇವತ್ತೇ ಚದರಡಿ ಲೆಕ್ಕದಲ್ಲಿ ದುಡ್ಡು ಕೊಡೋದು ಯಾವ ನ್ಯಾಯ? ಇನ್ವೆಸ್ಟ್‌ಮೆಂಟ್‌ಗೆ ಅಂತ ಬಂದಿರೋರು ಕೊಡ್ಲಿ, ಅವ್ರಿಗೆ ನೀರು ಬೇಡ, ಸ್ಕೂಲು ಬೇಡ. ಇವ್ರು ಹೆಂಡ್ತಿ ಮಗೂನ ಕರ್ಕೊಂಡು ಬಂದು ಇರೋರು. ಇವತ್ತು ಏನಿದೆಯೋ ಆ ತುಮಕೂರನ್ನ ನೋಡಿ ತಗೋಬೇಕು.

ಬಾಂಡ್_ರೈಟರ್_ಮಗ

ಇ-ಸ್ವತ್ತು ಐತೆ ಅಂದ ತಕ್ಷಣ ಜನ ಸಮಾಧಾನ ಆಗ್ಬಿಡ್ತಾರೆ, ಅಲ್ಲೇ ಇರೋದು ಆಟ. ತುರುವೇಕೆರೆಯವ್ರೇ, ಅವ್ರು ತೋರ್ಸಿದ್ದು ನಮೂನೆ 9 ಜೊತೆ 11ಎ ನೋ, ಅಥ್ವಾ 11ಬಿ ನೋ? 11ಬಿ ಅಂದ್ರೆ ಪಂಚಾಯ್ತಿಯೋರು ತೆರಿಗೆ ವಸೂಲಿಗೆ ಅಂತ ಬರ್ಕೊಂಡಿರೋ ಆಸ್ತಿ, ಲೇಔಟ್ ಅಪ್ರೂವ್ ಆಗಿದೆ ಅಂತ ಅಲ್ಲ. ಪಾಲಿಕೆ ಕಡೆ ಬಿ ಖಾತಾ ಇದ್ದಂಗೆ. 2025ರಲ್ಲಿ ಸರ್ಕಾರ ಅಭಿಯಾನ ಮಾಡಿ ಪಾಲಿಕೆ ನಗರಸಭೆ ವ್ಯಾಪ್ತೀಲಿ ಬಿ ಖಾತಾ ಕೊಟ್ಟಾಗ್ಲೂ ಎಷ್ಟೋ ಜನ ಸಕ್ರಮ ಆಯ್ತು ಅಂದ್ಕೊಂಡು ಸ್ವೀಟ್ ಹಂಚಿದ್ರು, ಅದು ಸಕ್ರಮ ಅಲ್ಲ. ಲೋನ್ ಮಾಡ್ಸಿಕೊಡ್ತೀವಿ ಅಂತ ಅವ್ರು ಹೇಳೋದು ಬೇಡ, ಸೈಟಿನ ಜೆರಾಕ್ಸ್ ಸೆಟ್ ಈಸ್ಕೊಂಡು ನಿಮ್ ಸಂಬಳ ಬರೋ ಬ್ಯಾಂಕಿಗೆ ನೀವೇ ಕೊಡಿ. ಅವ್ರ ಪ್ಯಾನೆಲ್ ವಕೀಲ್ರು ಏನಂತಾರೆ ನೋಡಿ.

ಲೇಔಟಿಗೆ ಟೂಡಾ, ಅಂದ್ರೆ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರದ ಅಪ್ರೂವಲ್ ಇದ್ರೆ ನಕ್ಷೆ ಮೇಲೆ ಸೀಲ್ ಇರುತ್ತೆ, ರೋಡು ಪಾರ್ಕು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿರೋ ಪತ್ರ ಇರುತ್ತೆ, ಕೆಲಸ ಆದಂಗೆಲ್ಲ ಸೈಟ್ ಬಿಡುಗಡೆ ಮಾಡಿರೋ ಆದೇಶ ಇರುತ್ತೆ. ರೋಡಿಗೆ ಬರೀ ಜಲ್ಲಿ ಸುರಿದಿರೋ ಲೇಔಟಲ್ಲಿ ನಿಮ್ ಸೈಟ್ ನಂಬರ್ ಬಿಡುಗಡೆ ಆಗಿದ್ಯಾ ಅಂತ ಕೇಳ್ಲೇಬೇಕು. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರೂ ಕೇಳಿ, 500 ಚದರ ಮೀಟರ್ ಮೀರಿದ ಲೇಔಟಿಗೆ ಅದು ಕಡ್ಡಾಯ. ಕೊಟ್ಟ ನಂಬರ್ ವೆಬ್‌ಸೈಟಲ್ಲಿ ಹಾಕಿ ನೋಡಿ, ಇನ್ಯಾವುದೋ ಲೇಔಟಿಂದು ಬ್ರೋಷರಲ್ಲಿ ಹಾಕ್ಕೊಂಡಿರೋರೂ ಇದ್ದಾರೆ.

ಆಮೇಲೆ ಜಮೀನಿನ ಹಿಂದಿನ ಕಥೆ. ಕನ್ವರ್ಷನ್ ಆದೇಶ (ಕೃಷಿ ಜಮೀನನ್ನ ಮನೆ ಕಟ್ಟೋ ಜಾಗ ಅಂತ ಬದಲಾಯ್ಸಿದ್ದು) ನೋಡಿ, ಅದ್ರ ಹಿಂದಿನ ಪಹಣಿ ತೆಗೆಸಿ, 9ನೇ ಕಾಲಂನಲ್ಲಿ ಯಾರ ಹೆಸ್ರಿತ್ತು, 11ರಲ್ಲಿ ಹಕ್ಕು ಋಣ ಏನಾದ್ರೂ ಬರೆದಿದ್ಯಾ ನೋಡಿ. ಪರಿಶಿಷ್ಟ ಜಾತಿ ಪಂಗಡದವ್ರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ರೆ 1978ರ ಪಿಟಿಸಿಎಲ್ ಕಾಯ್ದೆ ಬರುತ್ತೆ, ಸರ್ಕಾರದ ಅನುಮತಿ ಇಲ್ದೆ ಮಾರಿದ್ರೆ ಆ ಕ್ರಯನೇ ನಿಲ್ಲಲ್ಲ. ಹಳೇದಾಯ್ತು, ಇನ್ನೇನು ಕೇಳ್ತಾರೆ ಅನ್ನಂಗಿಲ್ಲ, 2023ರ ತಿದ್ದುಪಡೀಲಿ ಕಾಲಮಿತೀನೇ ತೆಗೆದವ್ರೆ. ಜಾಗದಲ್ಲಿ ನಿಂತ್ಕೊಂಡು ದಿಶಾಂಕ್ ಆ್ಯಪ್ ತೆಗೆದು ನೋಡಿ, ಕಾಗದದ ಸರ್ವೆ ನಂಬರೇ ಅಲ್ಲಿ ತೋರ್ಸುತ್ತಾ ಅಂತ. ಪಕ್ಕದಲ್ಲಿ ಹಳ್ಳ, ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟಿರೋ ಸರ್ಕಾರಿ ಜಾಗ) ಇದ್ರೂ ಗೊತ್ತಾಗುತ್ತೆ. ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಮಾರ್ತೀವಿ ಅಂದ್ರೆ ಅಲ್ಲಿಂದ ಎದ್ದು ಬನ್ನಿ, 2011ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಜಿಪಿಎಯಿಂದ ಮಾಲೀಕತ್ವ ಬರಲ್ಲ ಅಂತ.

ಖರ್ಚು ಮರೀಬೇಡಿ. ಮುದ್ರಾಂಕ ಶುಲ್ಕ 5 ಪರ್ಸೆಂಟು, ಅದ್ರ ಮೇಲೆ ಸೆಸ್ಸು ಸರ್‌ಚಾರ್ಜು, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಇದ್ದಿದ್ದು 2 ಆಗಿದೆ. ಒಟ್ಟು 7.6 ಚಿಲ್ಲರೆ. 30 ಲಕ್ಷದ ಸೈಟಿಗೆ ಹತ್ತಿರ ಹತ್ತಿರ 2 ಲಕ್ಷ 30 ಸಾವಿರ, ಇದು ಲೋನಲ್ಲಿ ಬರಲ್ಲ, ಕೈಯಿಂದ ಹಾಕೋದು.

ಬೆಳಗುಂಬ_ಅಕ್ಕ

ನೀವೆಲ್ಲಾ ಪೇಪರ್ ಪೇಪರ್ ಅಂತೀರ, ನೀರಿನ ಬಗ್ಗೆ ಒಬ್ರೂ ಮಾತಾಡಿಲ್ಲ, ಯಾಕಂದ್ರೆ ನೀರು ಹಿಡಿಯೋರು ನೀವಲ್ಲ.

ತುಮಕೂರಿಗೆ ಕುಡಿಯೋ ನೀರು ಎಲ್ಲಿಂದ ಬರುತ್ತೆ ಗೊತ್ತಾ ತುರುವೇಕೆರೆ ತಮ್ಮಾ, ನಿಮ್ ಕಡೆಯಿಂದ್ಲೇ ಅನ್ನಿ. ಹಾಸನ ಜಿಲ್ಲೆ ಗೊರೂರಿಂದ ಹೇಮಾವತಿ, ಬಾಗೂರು ನವಿಲೆ ಸುರಂಗ ದಾಟಿ ನಾಲೇಲಿ ಬಂದು ಬುಗುಡನಹಳ್ಳಿ ಕೆರೆ ತುಂಬುತ್ತೆ, ಅಲ್ಲಿಂದ ಪಾಲಿಕೆ ಪೈಪು. ನಾಲೇಲಿ ನೀರು ಬಿಟ್ಟ ವರ್ಷ ಊರು ತಣ್ಣಗಿರುತ್ತೆ, ಮಳೆ ಕೈ ಕೊಟ್ಟ ವರ್ಷ ಕೆರೆ ತಳ ಕಾಣೋಕೆ ಶುರುವಾದ್ರೆ ಎಲ್ರ ಮನೇಲೂ ಅದೇ ಮಾತು. ಆ ಪೈಪ್ ಎಲ್ಲಿವರ್ಗೆ ಬಂದಿದೆ ಅನ್ನೋದೇ ಮುಖ್ಯ. ಹೊರಗಡೆ ಲೇಔಟಲ್ಲಿ ಬೋರೇ ದೇವ್ರು. ಲೇಔಟ್ ಮಾಡಿದೋರು ಒಂದು ಬೋರ್ ಹಾಕ್ಸಿ ಒಂದು ಟ್ಯಾಂಕ್ ಕಟ್ಟಿರ್ತಾರೆ, ಹತ್ತು ಮನೆ ಇರೋವಾಗ ಸಾಕಾಗುತ್ತೆ, ಮನೆ ಜಾಸ್ತಿ ಆದ್ಮೇಲೆ ಮೋಟ್ರು ಸುಟ್ಟೋದ್ರೆ ಯಾರು ರಿಪೇರಿ ಮಾಡ್ಸೋದು ಅಂತ ವಾಟ್ಸ್ಯಾಪ್ ಗ್ರೂಪಲ್ಲಿ ಜಗಳ. ನಮ್ ಲೇಔಟಲ್ಲೂ ಅದೇ ಆಗಿದ್ದು, ಮಾಡಿದೋರು ಎಲ್ಲಾ ಸೈಟ್ ಮಾರಿ ಫೋನ್ ಎತ್ತೋದೇ ಬಿಟ್ರು, ಪಂಚಾಯ್ತಿಯೋರು ಇನ್ನೂ ನಮಗೆ ಹಸ್ತಾಂತರ ಆಗಿಲ್ಲ ಅಂದ್ರು, ಮಧ್ಯದಲ್ಲಿ ನಾವು ಚಂದಾ ಎತ್ಕೊಂಡು ಪಂಪ್ ಎತ್ಸಿದ್ವಿ.

ನೋಡೋಕೆ ಹೋದಾಗ ಹಿಂಗ್ ಮಾಡಿ. ಏಜೆಂಟ್ ಜೊತೆ ಹೋಗ್ಬೇಡಿ, ಬೆಳಿಗ್ಗೆ ಏಳು ಏಳೂವರೆಗೆ ನಿಮ್ಮನೆಯವ್ರನ್ನ ಕರ್ಕೊಂಡು ನೀವಿಬ್ರೇ ಹೋಗಿ. ಗೇಟ್ ಹತ್ರ ನೀಲಿ ಡ್ರಮ್ ಸಾಲಾಗಿ ಇಟ್ಟಿದಾರಾ, ಕಾಂಪೌಂಡ್ ಮೇಲೆ ಟ್ಯಾಂಕರ್ ಪೈಪ್ ಎಳೆದು ಎಳೆದು ಗಾರೆ ಸವೆದಿದ್ಯಾ, ಸಂಪ್ ಎಷ್ಟು ದೊಡ್ದು ಕಟ್ಸಿದಾರೆ ನೋಡಿ. ಜನ ಸುಮ್ಸುಮ್ನೆ ದೊಡ್ ಸಂಪ್ ಕಟ್ಸಲ್ಲ. ಯಾರಾದ್ರೂ ಪಾತ್ರೆ ತೊಳೀತಿದ್ರೆ ಮಾತಾಡ್ಸಿ, ನಲ್ಲಿ ಬಾಯಿ ಹತ್ರ ಬಿಳಿ ಪೊರೆ ಕಟ್ಟಿದ್ರೆ ಬೋರ್ ನೀರು ಗಡಸು, ಗೀಜರ್ ಕಾಯಿಲ್ ಬೇಗ ಹೋಗುತ್ತೆ, ಬೇಳೆ ಬೇಯಲ್ಲ. ಅದೇ ಎಸ್.ಎಸ್.ಪುರಂನಲ್ಲೂ ಕೇಳಿ, ಅಲ್ಲೇನು ದಿನಾ ನೀರು ಬರುತ್ತೆ ಅಂದ್ಕೋಬೇಡಿ, ಎಷ್ಟು ದಿನಕ್ಕೆ ಬಿಡ್ತಾರೆ ಅಂತ ಎದುರುಮನೆಯವ್ರನ್ನೇ ಕೇಳಿ. ಒಳಚರಂಡಿನೂ ಅಷ್ಟೇ, ಹೊರಗಡೆ ಎಲ್ಲಾ ಪಿಟ್ಟು, ಅದು ತುಂಬಿದ್ರೆ ಮತ್ತೊಂದು ಟ್ಯಾಂಕರು.

ಇನ್ನೊಂದು ಮಾತು, ನಿಮ್ಮನೆಯವ್ರು ಬ್ಲೌಸ್ ಹೊಲೀತಾರೆ ಅಂದ್ರಿ. ಆರ್ಚ್ ಒಳಗೆ ನಾಲ್ಕು ಮನೆ ಇರೋ ಲೇಔಟಲ್ಲಿ ಯಾರು ಬಂದು ಬ್ಲೌಸ್ ಹೊಲಿಸ್ತಾರೆ? ಎಸ್.ಎಸ್.ಪುರಂನಲ್ಲಿ ಗೇಟಿಗೆ ಒಂದು ಬೋರ್ಡ್ ತಗಲಾಕಿದ್ರೆ ಶ್ರಾವಣಕ್ಕೆ ಕೈ ತುಂಬಾ ಕೆಲಸ.

ಮೆಮು_ಪ್ಯಾಸೆಂಜರ್

ಅಕ್ಕ ಹೇಳಿದ್ದೇ ಕರೆಕ್ಟು. ನಾವ್ಯಾರೂ ಆ ಕಡೆ ಯೋಚ್ನೆನೇ ಮಾಡಿರ್ಲಿಲ್ಲ ನೋಡಿ.

ತುರುವೇಕೆರೆ_ಹೈದ

ಅಕ್ಕ ತುಂಬಾ ಥ್ಯಾಂಕ್ಸ್, ಮನೆಯವ್ರಿಗೆ ಓದಿ ಹೇಳ್ದೆ, ಬೋರ್ಡಿಗೆ ಹೆಸ್ರು ಹುಡುಕ್ತಾ ಕೂತವ್ರೆ. ಶಿಫ್ಟು ಈಗ ಜನರಲ್, ಆದ್ರೆ ಆರ್ಡರ್ ಜಾಸ್ತಿ ಬಂದಾಗ ತಿಂಗಳಲ್ಲಿ ಒಂದು ವಾರ ಫಸ್ಟ್ ಶಿಫ್ಟ್ ಹಾಕ್ತಾರೆ. ಆ ವಾರ ದಾಸರಹಳ್ಳಿ ಫ್ರೆಂಡ್ ರೂಮಲ್ಲಿ ಅಡ್ಜಸ್ಟ್ ಆಗುತ್ತೆ.

ಇ-ಸ್ವತ್ತು ಪೇಪರ್ ಫೋಟೋ ತೆಗೆದು ನೋಡಿದ್ರೆ ಬಾಂಡ್ ರೈಟರ್ ಸಾರ್ ಹೇಳ್ದಂಗೆ 11ಬಿ ನೇ. ಟೂಡಾ ಅಪ್ರೂವಲ್ ಪ್ರೋಸೆಸ್ಸಲ್ಲಿದೆ, ಅದ್ಕೇ ಈ ರೇಟು, ಬಂದ್ಮೇಲೆ ಡಬಲ್ ಅಂತಾರೆ. ಮನೆ ಕಡೆನೇ ಮನಸ್ಸು ವಾಲ್ತಿದೆ. ಅದ್ರಲ್ಲಿ ಏನೇನು ನೋಡ್ಬೇಕು? ಇಬ್ರು ಗಂಡ್ ಮಕ್ಳು ಬಂದು ಮಾತಾಡಿದ್ರು, ಖಾತೆ ಇನ್ನೂ ಅವ್ರ ತಂದೆ ಹೆಸ್ರಲ್ಲೇ ಐತೆ. ಅಡ್ವಾನ್ಸ್ ಕೇಳ್ತಿದಾರೆ.

ಬಾಂಡ್_ರೈಟರ್_ಮಗ

ಅಡ್ವಾನ್ಸ್ ಒಂದು ರೂಪಾಯಿನೂ ಬೇಡ, ನಿಲ್ಲಿ.

ಮೊದ್ಲು ಪೌತಿ ಖಾತೆ ಆಗ್ಲಿ, ಅಂದ್ರೆ ತೀರ್ಕೊಂಡೋರ ಹೆಸ್ರಿಂದ ವಾರಸುದಾರರ ಹೆಸ್ರಿಗೆ ಖಾತೆ ಬದಲಾಗ್ಲಿ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಅದ್ರಲ್ಲಿ ಎಷ್ಟು ಹೆಸ್ರಿದೆ ನೋಡಿ. ಇಬ್ರು ಗಂಡ್ ಮಕ್ಳು ಬಂದ್ರು ಅಂದ್ರಿ, ಹೆಣ್ಮಕ್ಳು? ನಮ್ ಕಡೆ ಮದ್ವೆ ಆಗಿ ಹೋದೋಳಿಗೆ ಏನು ಕೇಳೋದು, ಅರಿಶಿನ ಕುಂಕುಮ ಕೊಟ್ಟು ಸೀರೆ ಉಡಿಸಿದ್ರೆ ಮುಗೀತು ಅಂತ ಇವತ್ತಿಗೂ ಅಂದ್ಕೊಂಡಿರೋರು ಇದ್ದಾರೆ. ಯಜಮಾನ್ರು ವಿಲ್ ಬರೆದಿಲ್ಲ ಅಂದ್ರೆ ಸ್ವಯಾರ್ಜಿತ ಆದ್ರೂ ಹೆಂಡ್ತಿ, ಗಂಡು ಹೆಣ್ಣು ಮಕ್ಳು ಎಲ್ರೂ ಹಕ್ಕುದಾರರೇ. ಪಿತ್ರಾರ್ಜಿತ ಆದ್ರೂ ಹೆಣ್ಮಕ್ಕಳಿಗೂ ಸಮಪಾಲು ಅನ್ನೋ 2005ರ ತಿದ್ದುಪಡಿ ಇದೆ, ತಂದೆ ಆಗ ಬದುಕಿದ್ರೋ ಇಲ್ವೋ ಅನ್ನೋ ತಕರಾರಿಗೂ 2020ರಲ್ಲಿ ಸುಪ್ರೀಂ ಕೋರ್ಟ್ ತೆರೆ ಎಳೆದಿದೆ. ಹೆಣ್ಮಕ್ಕಳು ಒಂದೋ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಡ್ಬೇಕು, ಇಲ್ಲಾ ಕ್ರಯಪತ್ರಕ್ಕೆ ತಾವೇ ಮಾರುವವರಾಗಿ ಸಹಿ ಹಾಕ್ಬೇಕು. ನನ್ನ ಕೇಳಿದ್ರೆ ಎರಡನೇದೇ ವಾಸಿ, ಎಲ್ರೂ ಒಂದೇ ದಿನ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಕೂತು ಫೋಟೋ ಹೆಬ್ಬೆಟ್ಟು ಕೊಡ್ಲಿ, ಅವ್ರವ್ರ ಪಾಲು ಅವ್ರವ್ರ ಅಕೌಂಟಿಗೇ ಹೋಗ್ಲಿ. ಯಾರಾದ್ರೂ ತೀರ್ಕೊಂಡಿದ್ರೆ ಅವ್ರ ಮಕ್ಳು ಬರ್ಬೇಕು, ಆ ಮಕ್ಳು ಮೈನರ್ ಆಗಿದ್ರೆ ಕೋರ್ಟ್ ಅನುಮತಿ ಬೇಕಾಗುತ್ತೆ, ಅದು ತಿಂಗಳುಗಟ್ಟಲೆ ಕೆಲಸ.

ಇಸಿ (ಆಸ್ತಿ ಮೇಲೆ ಆಗಿರೋ ಕ್ರಯ, ಸಾಲದ ನೋಂದಣಿ ಪಟ್ಟಿ) ತೆಗೆಸಿ. ಆನ್‌ಲೈನಲ್ಲಿ 2004ರಿಂದ ಈಚೆದು ಸಿಗುತ್ತೆ, ಮನೆ ಅದಕ್ಕಿಂತ ಹಳೇದಾದ್ರೆ ಅದ್ರ ಹಿಂದಿಂದು ಆಫೀಸಲ್ಲೇ ಅರ್ಜಿ ಹಾಕಿ ತೆಗೆಸ್ಬೇಕು. ಇ-ಕೋರ್ಟ್ಸ್ ಸೈಟಲ್ಲಿ ಅಣ್ಣತಮ್ಮಂದಿರ ಹೆಸ್ರು ಹಾಕಿ ವಿಭಾಗದ ದಾವೆ ಏನಾದ್ರೂ ನಡೀತಿದ್ಯಾ ನೋಡಿ. ಪೇಪರಲ್ಲಿ ಒಂದು ಪಬ್ಲಿಕ್ ನೋಟಿಸ್ ಕೊಡ್ಸಿ, ಚಿಲ್ಲರೆ ದುಡ್ಡು, ತಕರಾರು ಇರೋರು ಅವಾಗ್ಲೇ ಎದ್ದು ಬರ್ತಾರೆ. ಇ-ಖಾತಾ ಇಲ್ದೆ ಈಗ ರಿಜಿಸ್ಟ್ರೇಷನ್ನೇ ಆಗಲ್ಲ, ಹಾಗಾಗಿ ಪೌತಿ ಖಾತೆ ಆಮೇಲೆ ಮಾಡಿಸ್ಕೊಡ್ತೀವಿ ಅನ್ನೋ ಮಾತಿಗೆ ಅರ್ಥನೇ ಇಲ್ಲ.

ಅಡ್ವಾನ್ಸ್ ಕೊಡೋ ದಿನ ಬಂದ್ರೂ ಕ್ಯಾಶ್ ಬೇಡ. ಸ್ಥಿರಾಸ್ತಿಗೆ 20 ಸಾವಿರ ಮತ್ತು ಅದರ ಮೇಲೆ ನಗದು ತಗೊಳಂಗಿಲ್ಲ. ಪತ್ರದಲ್ಲಿ ಕಮ್ಮಿ ತೋರ್ಸೋಣ ಅಂತಾರೆ, ನಿಮಗೆ ಲೋನ್ ಬೇಕಲ್ಲ, ಪೂರ್ತಿ ತೋರ್ಸಿ. 30 ಲಕ್ಷದೊಳಗಿನ ಲೋನಿಗೆ ಬೆಲೆಯ 90 ಪರ್ಸೆಂಟ್ ತನಕ, ಅದ್ರ ಮೇಲೆ 75 ಲಕ್ಷದವರೆಗೆ 80 ತನಕ ಕೊಡ್ಬೋದು ಅನ್ನೋದು ಆರ್‌ಬಿಐ ಮಿತಿ, ಹಳೇ ಮನೆಗೆ ಬ್ಯಾಂಕ್ ವ್ಯಾಲ್ಯೂಯರ್ ಕಮ್ಮಿ ಕಟ್ಟಿದ್ರೆ ಅದೂ ಇಳಿಯುತ್ತೆ.

ಗಾರೆ_ಕೆಲಸ

ನಾನು ಮೇಸ್ತ್ರಿ, ಪೇಪರ್ ವಿಷ್ಯ ನಂಗ್ ಬೇಡ. ಆ ಕಾಲದ ಮನೆಗಳು ಸುಮಾರು ಸೈಜುಗಲ್ಲು ಪಾಯ, ಇಟ್ಟಿಗೆ ಗೋಡೆ ಮೇಲೇ ಮೋಲ್ಡು, ಪಿಲ್ಲರ್ ಇರಲ್ಲ. ಮುಂದೆ ಮೇಲೊಂದು ಮನೆ ಎತ್ತಿ ಬಾಡಿಗೆಗೆ ಕೊಡೋ ಆಸೆ ಇದ್ರೆ ಇಂಜಿನಿಯರ್ ಕರ್ಸಿ ಕೇಳಿ, ಬ್ರೋಕರ್ ಕೇಳ್ಬೇಡಿ. ಬಚ್ಚಲ ಮನೆ ಹಿಂದಿನ ಗೋಡೆ ಆಚೆಯಿಂದ ಬೆರಳಲ್ಲಿ ಕೆರೆದು ನೋಡಿ, ಗಾರೆ ಪುಡಿ ಪುಡಿ ಉದುರಿದ್ರೆ ಒಳಗೆ ಪೈಪ್ ಸೋರ್ತಿದೆ ಅಂತ. ಹಳೇ ಕಬ್ಬಿಣದ ಪೈಪು, ಹಳೇ ವೈರಿಂಗು ಎರಡೂ ಕಿತ್ತಾಕಿ ಹೊಸದು ಮಾಡೋ ಖರ್ಚನ್ನ ರೇಟಲ್ಲೇ ಕಳೀರಿ. ಸುಣ್ಣ ಬಣ್ಣ ಹೊಸದಾಗಿ ಹೊಡ್ಸಿದ್ರೆ ಇನ್ನೂ ಹುಷಾರು. ತೆಂಗಿನ ಮರ ಪಾಯಕ್ಕೆ ಎಷ್ಟು ದೂರ ಇದೆ ನೋಡಿ ಸಾಕು, ಕಡೀಬೇಡಿ.

ಬಾಡಿಗೆಯೇ_ಸುಖ

ಇಷ್ಟೆಲ್ಲಾ ಯಾಕೆ, ಒಂದು ವರ್ಷ ತುಮಕೂರಲ್ಲೇ ಬಾಡಿಗೆಗೆ ಇದ್ದು ನೋಡಿ. ಒಂದು ಬೇಸಿಗೆ, ಒಂದು ಮಳೆಗಾಲ, ಟ್ರೈನು ಒಗ್ಗುತ್ತಾ, ಮಗೂಗೆ ಸ್ಕೂಲ್ ಹೊಂದುತ್ತಾ. ದಾಸರಹಳ್ಳಿ ಬಾಡಿಗೇಲಿ ಕುವೆಂಪುನಗರ ಕಡೆ ಇನ್ನೂ ದೊಡ್ ಮನೆ ಸಿಗುತ್ತೆ.

ಶಿರಾಗೇಟ್_67

ಒಪ್ತೀನಿ, ಆದ್ರೆ ಆ ಅಣ್ಣತಮ್ಮಂದಿರು ಒಂದು ವರ್ಷ ಕಾಯ್ತಾರಾ? ಪೌತಿ ಖಾತೆ ಆಗೋಕೆ ಹೆಂಗೂ ಟೈಮ್ ಹಿಡಿಯುತ್ತೆ, ಅಷ್ಟರಲ್ಲಿ ಅದೇ ಏರಿಯಾದಲ್ಲಿ ಬಾಡಿಗೆ ಹಿಡಿದ್ರೆ ಎರಡೂ ಆಯ್ತು. ಸ್ಕೂಲಿನ ಅಡ್ಮಿಷನ್ ನೋಡ್ಕೊಂಡು ಏಪ್ರಿಲ್ ಮೇನಲ್ಲಿ ಬನ್ನಿ.

ತುರುವೇಕೆರೆ_ಹೈದ

ಅಪ್ಡೇಟ್. ಭಾನುವಾರ ಹೋಗಿ ಕೇಳಿದ್ವಿ. ಒಬ್ಳು ತಂಗಿ ಇದಾಳೆ, ದಾವಣಗೆರೆಗೆ ಕೊಟ್ಟಿರೋದು, ಅವಳಿಗೆ ಫೋನಲ್ಲಿ ಹೇಳಿದೀವಿ ಬಿಡಿ ಅಂದ್ರು. ನಾನು ಹೇಳ್ದೆ, ಅವ್ರೂ ಬಂದು ಸಹಿ ಹಾಕೋದಾದ್ರೆ ಮಾತ್ರ ಮುಂದಕ್ಕೆ, ಖಾತೆ ಮಾಡಿಸ್ಕೊಳಿ, ಅಲ್ಲಿವರ್ಗೂ ಅಡ್ವಾನ್ಸ್ ಇಲ್ಲ ಅಂತ. ದೊಡ್ಡೋರಿಗೆ ಸ್ವಲ್ಪ ಮುಖ ಗಂಟಾಯ್ತು, ಚಿಕ್ಕೋರು ಪರ್ವಾಗಿಲ್ಲ ಸಾರ್ ನ್ಯಾಯನೇ ಅಂದ್ರು. ಎದುರುಮನೆ ಅಜ್ಜಿ ನೀರಿನ ದಿನ ಎಲ್ಲಾ ಹೇಳಿ ಕಾಫಿನೂ ಕೊಟ್ರು. ಅದೇ ಬೀದೀಲಿ ಒಂದು ಬಾಡಿಗೆ ಮನೆ ಖಾಲಿ ಆಗ್ತಿದೆಯಂತೆ, ಮನೆಯವ್ರು ನಂಬರ್ ಈಸ್ಕೊಂಡಿದಾರೆ. ಸೈಟಿನೋರಿಗೆ ಬೇಡ ಅಂತ ಹೇಳಿಬಿಟ್ಟೆ.

ಸೈಟ್_ಸೀನ

ಸರಿ ಸಾರ್, ಮನೆನೇ ಬೇಕಂದ್ರೆ ಕುವೆಂಪುನಗರದಲ್ಲಿ ನನ್ ಹತ್ರ ಒಂದು ಐತೆ, ಪೂರ್ವ ದಿಕ್ಕು, ಕಾರ್ ಪಾರ್ಕಿಂಗ್ ಸಮೇತ. ಇನ್‌ಬಾಕ್ಸಿಗೆ ಬನ್ನಿ.

ಬೆಳಗುಂಬ_ಅಕ್ಕ

ಇನ್‌ಬಾಕ್ಸ್ ಯಾಕಪ್ಪಾ, ರೇಟು ಇಲ್ಲೇ ಹಾಕು.

ತುರುವೇಕೆರೆ_ಹೈದ

ಸೀನಣ್ಣ, ಖಾತೆ ಯಾರ ಹೆಸ್ರಲ್ಲಿದೆ?